ಕುಂಕುಮದ ಭರಣಿಯಲ್ಲಿದ್ದ ಸ್ಕ್ರೂ

ಹೋದ ವಾರ ಹಬ್ಬದ ಸಾಮಾನು ತೊಳೆಯಲು ಕೂತಿದ್ದ ನನ್ನ ಹೆಂಡತಿ ಹಿತ್ತಲಿನಿಂದ ನನ್ನನ್ನು ಕೂಗಿದಳು. ಅವಳ ಕೈಯಲ್ಲಿ ಹಿತ್ತಾಳೆಯ ಕುಂಕುಮದ ಭರಣಿ ಇತ್ತು. ಹಬ್ಬಕ್ಕೆಂದೇ ಎತ್ತಿಟ್ಟಿದ್ದ ಭರಣಿ. ನಮ್ಮ ಮನೆಯಲ್ಲಿ ಆಯುಧಪೂಜೆ ನಿಂತು ನಾಲ್ಕು ವರ್ಷವಾದ್ದರಿಂದ ಅದು ಅಟ್ಟದಿಂದ ಇಳಿದೇ ಇರಲಿಲ್ಲ. ಒಳಗಿನ ಕುಂಕುಮ ಗಟ್ಟಿಯಾಗಿ ಬಿಲ್ಲೆ ಕಟ್ಟಿತ್ತು. ಅವಳು ಅದನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಕುಟ್ಟಿದಾಗ ಬಿಲ್ಲೆ ಒಡೆದು, ಒಳಗಿಂದ ಏನೋ ಟಣ್ ಎಂದು ಉರುಳಿತಂತೆ. ಎತ್ತಿ ನನ್ನ ಅಂಗೈಗೆ ಹಾಕಿದಳು. ಒಂದು ಸ್ಕ್ರೂ. ಕಿರುಬೆರಳಿನ ಉಗುರಿಗಿಂತ ಒಂದಿಷ್ಟು ಉದ್ದ, ಮೈತುಂಬ ಕೆಂಪು.

“ಇದೇಯ ಅದು?” ಎಂದಳು.

ನಾನು ಅದನ್ನು ಬೆಳಕಿಗೆ ಹಿಡಿದೆ. ಮೂಸಿ ನೋಡಿದೆ. ಕುಂಕುಮದ ಕಮಟು ವಾಸನೆಯ ಕೆಳಗೆ, ನನ್ನ ಭ್ರಮೆಯೋ ಏನೋ, ಗ್ರೀಸಿನ ವಾಸನೆ ಇನ್ನೂ ಇತ್ತು. ಗುಂಡ್ಲುಪೇಟೆಯ ಆ ಅಂಗಡಿಯ ವಾಸನೆ... ಅಂಗಡಿಯ ಯಜಮಾನರು ನೆನಪಾದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರನ್ನು ನಾನು ಮರೆತದ್ದು ಯಾವಾಗ?

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟಾ ಹೆದರುಪುಕ್ಕಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅನುಮಾನವಾಗಿ, ತೆರಕಣಾಂಬಿಯವರೆಗೆ ಹೋದವನು ಬಸ್ಸಿಳಿದು ಚಾಮರಾಜನಗರದ ಮನೆಗೆ ವಾಪಸು ಬಂದವನು. ಬಂದು ನೋಡಿದರೆ ಸಿಲಿಂಡರು ಹಿಂದಿನ ರಾತ್ರಿಯೇ ಖಾಲಿಯಾಗಿತ್ತು. ಇಂಥ ಮನುಷ್ಯನಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಮರಗೆಲಸದ ಹುಚ್ಚು ಹಿಡಿಯಿತು. ಕಾರಣ ಮೊಬೈಲು. ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತು ಹಲಗೆಗಳನ್ನು ಬೆಣ್ಣೆಯಂತೆ ಕುಯ್ಯುತ್ತಿದ್ದ. ಆರು ನಿಮಿಷಕ್ಕೆ ಒಂದು ಮೇಜು. ನಮ್ಮ ಹಿತ್ತಲಲ್ಲೂ ಸೌದೆ ಒಟ್ಟುವ ಶೆಡ್ಡು ಇತ್ತು. ಗಡ್ಡ ಒಂದು ಬಿಟ್ಟರಾಯಿತು ಎಂದುಕೊಂಡೆ.

ಆಗ ನಾನು ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಸಂಜೆಯ ಬಸ್ಸಿಗೆ ಕಾಯುವ ಜಾಗದ ಎದುರಿಗೇ ಯಜಮಾನರ ಅಂಗಡಿ. ಬೋರ್ಡಿನ ಬಣ್ಣವೆಲ್ಲ ಹೋಗಿತ್ತು, ಆದರೆ ಬಾಗಿಲಲ್ಲಿ ತೂಗುಹಾಕಿದ್ದ ಗರಗಸದ ಚಕ್ರಗಳೇ ಬೋರ್ಡಿನ ಕೆಲಸ ಮಾಡುತ್ತಿದ್ದವು. ಬ್ಲೇಡು ಹುಡುಕಿಕೊಂಡು ಕೇರಳದ ಕಡೆಯ ಬಡಗಿಗಳೂ ಬರುತ್ತಿದ್ದರು. ಅವರೊಡನೆ ಯಜಮಾನರು ಮಲಯಾಳದಲ್ಲೇ ಜಗಳ ಕಾಯುತ್ತಿದ್ದರು. ಹೊರಗೆ ಬಂಡೀಪುರದ ಕಾಡಿನ ಗೇಟು ರಾತ್ರಿಗೆ ಬೀಳುವ ಮೊದಲು ದಾಟಿಕೊಳ್ಳಬೇಕೆಂದು ಲಾರಿಗಳು ಹಾರ್ನು ಹೊಡೆಯುತ್ತ ಓಡುತ್ತಿದ್ದರೆ, ಒಳಗೆ ಇವರು ಮಾತ್ರ ಯಾವ ಅವಸರವೂ ಇಲ್ಲದೆ ಕೂತಿರುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಹೆಗಲಲ್ಲಿ ಟವೆಲು, ಎದೆಯ ಮೇಲೆ ದಾರದಲ್ಲಿ ಲಿಂಗದ ಬೆಳ್ಳಿ ಕರಡಿಗೆ.

ಮೊದಲ ದಿನ ನಾನು ಹನ್ನೊಂದು ಯಂತ್ರಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಹಾಕಿಕೊಂಡು ಜಾತಕ ಓದುವ ಹಾಗೆ ನಿಧಾನವಾಗಿ ಓದಿದರು.

“ಪಟ್ಟಿ ಚೆನ್ನಾಗದ. ಏನ ಕುಯ್ಯಕ್ಕ ಇದೆಲ್ಲ?”

ಏನು ಕುಯ್ಯುವುದು ಎಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. “ಮಗಳಿಗೆ ಒಂದು ಮಂಚ ಮಾಡೋಣ ಅಂತ.”

“ಮದುವಯಾ?”

“ಇಲ್ಲ, ಇನ್ನೂ ಏಳ್ನೇ ಕ್ಲಾಸು.”

“ಅಂಗಾದ್ರ ಟೈಮದ ಬುಡಿ ಗುಮಾಸ್ತ್ರೇ. ಮೊದ್ಲು ಒಂದು ಸ್ಟೂಲ್ ಮಾಡಿ.”

ಹಿಂದಿನ ಮೇಜಿನಲ್ಲಿ ಡ್ರಿಲ್ಲಿನ ಮೋಟಾರು ಬಿಚ್ಚಿಕೊಂಡು ಕೂತಿದ್ದ ಅವರ ಮಗಳು ನಕ್ಕದ್ದು ಕೇಳಿಸಿತು. ಡಿಪ್ಲೊಮಾ ಓದಿ ಅಂಗಡಿಯಲ್ಲೇ ರಿಪೇರಿಗೆ ಕೂತವಳು ಅವಳು. ಕೈ ಯಾವಾಗಲೂ ಕಪ್ಪು, ಮಾತು ಕಡಿಮೆ.

ಅವತ್ತು ಅವರು ನನಗೆ ಮಾರಿದ್ದು ಎರಡು ಕ್ಲ್ಯಾಂಪು ಮತ್ತು ಒಂದು ಕೈಗರಗಸ. ಹಲಗೆಯನ್ನು ಮೇಜಿಗೆ ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿಕೆ ಈ ಕ್ಲ್ಯಾಂಪು. ಯಂತ್ರ ಕೇಳಲು ಹೋದವನಿಗೆ ಇಕ್ಕಳ ಕೊಟ್ಟು ಕಳಿಸಿದರಲ್ಲ ಎಂದು ಬೇಜಾರಾಯಿತು. “ಮೊದ್ಲು ಹಿಡ್ಕೊಳೋದ ಕಲೀರಿ. ಕುಯ್ಯೋದು ತಾನಾಗೇ ಬತ್ತದ,” ಎಂದರು. ಮೂರು ತಿಂಗಳು ನಾನು ಕೈಯಲ್ಲೇ ಕುಯ್ದೆ. ಕುಯ್ದ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದು ತೋರಿಸುತ್ತಿದ್ದೆ. ಅವರು ಅದನ್ನು ಕಣ್ಣಿಗೆ ಹಿಡಿದು ನೋಡಿ, “ಇದು ಗೋಪಾಲಸ್ವಾಮಿ ಬೆಟ್ಟದ ರಸ್ತೆ ಕಣ್ರೀ, ತಿರುವೇ ತಿರುವು,” ಎಂದು ವಾಪಸು ಕೊಡುತ್ತಿದ್ದರು. ಒಂದು ದಿನ ಏನೂ ಹೇಳದೆ ತುಂಡನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟುಕೊಂಡರು. ಅವತ್ತು ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಸಿಗದಿದ್ದರೂ ಸಂತೋಷವಾಗಿತ್ತು.

ಯಂತ್ರ ಆರಿಸುವುದು ಅವರಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ನಿಧಾನ. ಮರ ಕುಯ್ಯುವ ಚೈನ್ ಗರಗಸವನ್ನು ಅವರು ಇಟ್ಟೇ ಇರಲಿಲ್ಲ. ಕಾಡನ್ನು ಮಗ್ಗುಲಲ್ಲಿಟ್ಟುಕೊಂಡು ಅದನ್ನು ಮಾರಿದರೆ ಕೊಂಡವನು ಕುಯ್ದದ್ದಕ್ಕೆಲ್ಲ ತಾವು ಜವಾಬ್ದಾರಿ ಹೊರಬೇಕಾಗುತ್ತದೆ ಎನ್ನುತ್ತಿದ್ದರು. ಕಲ್ಲು ಕುಯ್ಯುವ ಕಟ್ಟರಿಗೆ ಮರದ ಬ್ಲೇಡು ಕೇಳಿದವರನ್ನು ಬಾಗಿಲಿಂದಲೇ ಬೈದು ಕಳಿಸುತ್ತಿದ್ದರು. ಬಳುಕಿನ ಕೆಲಸಕ್ಕೆ ಜಿಗ್ ಗರಗಸ, ಉದ್ದ ನೇರ ಕುಯ್ಯಲು ಚಕ್ರದ ಗರಗಸ. ಹಲ್ಲು ಕಡಿಮೆಯಿದ್ದರೆ ಬೇಗ ಕುಯ್ಯುತ್ತದೆ, ಹೆಚ್ಚಿದ್ದರೆ ನಯವಾಗಿ ಕುಯ್ಯುತ್ತದೆ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಯಾವುದೂ ಬೇಡ... ನಾನು ಒಂದು ಭಯ ಹೇಳಿದರೆ ಅವರು ಎರಡು ಸೇರಿಸುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ನನಗಿಂತ ಹೆಚ್ಚು ಚಿಂತೆ ಮಾಡುವವರೊಬ್ಬರು ಸಿಕ್ಕಿದ್ದರು. ಎಷ್ಟು ನೆಮ್ಮದಿಯಾಗುತ್ತಿತ್ತು!

ಕೊನೆಗೆ ಒಂದು ಸಂಜೆ ಏಳಿಂಚಿನ ಚಕ್ರದ ಗರಗಸವೊಂದನ್ನು ಕಪಾಟಿನಿಂದ ಇಳಿಸಿದರು. ಯಂತ್ರ ಮುಟ್ಟುವ ಮೊದಲು ಎದೆಯ ಮೇಲಿನ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡರು. ತಿರುಗುವ ಚಕ್ರಕ್ಕೆ ನೇತಾಡುವ ದಾರ ಸಿಗಬಾರದಲ್ಲ. “ಅಪ್ಪ ಇಂದ್ಕಡ ಇರ್ಲಿ, ಮುಂದ್ಕಡದ್ದ ನಾನು ನೋಡ್ಕತಿನಿ,” ಎಂದು ನಕ್ಕರು. ಆಮೇಲೆ ನನ್ನ ಬಲಗೈಯನ್ನು ಹಿಡಿದು ಬ್ಲೇಡಿನ ಕವರಿನ ಮೇಲಿಟ್ಟರು. ಚಕ್ರದ ಕೆಳಭಾಗವನ್ನು ಮುಚ್ಚುವ ಕವರು ಅದು. ಕುಯ್ಯುವಾಗ ಮರಕ್ಕೆ ತಾಗಿ ಹಿಂದೆ ಸರಿಯುತ್ತದೆ, ಮರ ಮುಗಿದ ಕ್ಷಣ ಸ್ಪ್ರಿಂಗಿನ ಬಲದಿಂದ ಮುಂದೆ ಬಂದು ಚಕ್ರವನ್ನು ಮುಚ್ಚಿಬಿಡುತ್ತದೆ.

“ಎತ್ತಿ. ಬುಡಿ.”

ಎತ್ತಿ ಬಿಟ್ಟೆ. ಟಕ್ ಎಂದು ಮುಚ್ಚಿಕೊಂಡಿತು.

“ಇನ್ನೊಂದ್ ಸಲ.”

ಟಕ್.

“ಈ ಸದ್ದ ಕೇಳ್ದೆ ಕರೆಂಟ್ ಕೊಡ್ಬ್ಯಾಡಿ. ಕುಯ್ದಾದ್ಮೇಲೂ ಈ ಸದ್ದ ಕೇಳ್ದೆ ಕೆಳಗ ಇಡ್ಬ್ಯಾಡಿ. ಸ್ವಿಚ್ ಬುಟ್ರೂ ಚಕ್ರ ಸುತ್ತನೇ ಇರ್ತದ. ಕೈ ಮರೀತದ, ಕಿವಿ ಮರೆಯಕಿಲ್ಲ.”

ಅಂಗಡಿಯಿಂದ ಹೊರಗೆ ಹೋದ ಪ್ರತಿಯೊಂದು ಗರಗಸಕ್ಕೂ ಈ ಶಾಸ್ತ್ರ ಆಗಲೇಬೇಕು. ಇಪ್ಪತ್ತು ವರ್ಷದಿಂದ ಗರಗಸ ಹಿಡಿದ ಬಡಗಿಯಾದರೂ ಸರಿ, ಎತ್ತಿ ಬಿಡಬೇಕು, ಇನ್ನೊಂದು ಸಲ ಎತ್ತಿ ಬಿಡಬೇಕು. ಬಡಗಿಗಳು ಗೊಣಗುತ್ತಿದ್ದರು, ಆದರೆ ಮಾಡುತ್ತಿದ್ದರು. ಊರಲ್ಲಿ ಅವರ ಮಾತಿಗೆ ಅಷ್ಟು ತೂಕವಿತ್ತು.

ನಾನು ಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡು ಬಸ್ಸು ಹತ್ತುವಾಗ ಇನ್ನೊಂದು ಮಾತು ಹೇಳಿದರು. “ಆಯುಧಪೂಜೆ ಬತ್ತಾ ಅದ. ಕುಂಕುಮವ ಹಿಡಿಗ ಇಡಿ, ಬ್ಲೇಡಿಗ ಬ್ಯಾಡಿ. ಕವರ್ ಬಿಚ್ಚಕೂಡ್ದು.”

ಈ ಮಾತಿಗೆ ಕಾರಣವಿತ್ತು. ನಮ್ಮ ಕಡೆ ಹಬ್ಬದ ದಿನ ಗರಗಸಗಳಿಗೆ ಪೂಜೆ ಮಾಡುವಾಗ ಬ್ಲೇಡು ಪೂರ್ತಿ ಕಾಣಲಿ ಎಂದು ಕವರನ್ನು ಹಿಂದಕ್ಕೆ ಸರಿಸಿ, ಅದು ಮುಚ್ಚಿಕೊಳ್ಳದ ಹಾಗೆ ಸ್ಪ್ರಿಂಗ್ ಹಿಡಿದ ಸ್ಕ್ರೂವನ್ನು ಬಿಚ್ಚಿಡುವವರು ಬಹಳ. ಬ್ಲೇಡಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು ಕೈಮುಗಿಯುತ್ತಾರೆ. ಮಾರನೆಯ ದಿನ ಸ್ಕ್ರೂ ಹೂವಿನ ಜೊತೆ ಗುಡಿಸಿಹೋಗಿರುತ್ತದೆ. ಅದಕ್ಕೇ ಯಜಮಾನರು ಹಬ್ಬದ ಮಾರನೆಯ ದಿನ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಡಬ್ಬಿ ಇಡುತ್ತಿದ್ದರು. ಅದರ ತುಂಬ ಆ ಸಣ್ಣ ಸ್ಕ್ರೂಗಳು. ಬಡಗಿಗಳು ಒಬ್ಬೊಬ್ಬರೇ ಬಂದು ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. ಇವರು ಬೈದು, ಒಂದು ಸ್ಕ್ರೂ ಸುಮ್ಮನೆ ಕೊಟ್ಟು ಕಳಿಸುತ್ತಿದ್ದರು.

ಆ ವರ್ಷದ ಹಬ್ಬದ ದಿನ ನಮ್ಮ ಹಿತ್ತಲಲ್ಲಿ ಬೈಕು, ಮಿಕ್ಸಿ, ಕುಡುಗೋಲು ಎಲ್ಲವನ್ನೂ ಸಾಲಾಗಿಟ್ಟು ನಡುವೆ ನನ್ನ ಗರಗಸವನ್ನು ಕೂರಿಸಿದೆ. ಹಿಡಿಗೆ ಕುಂಕುಮ ಇಟ್ಟೆ. ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡು ನಿಂತು, “ಮೊಗ ಮುಚ್ಕೊಂಡಿರೋ ದೇವ್ರಿಗ ಯಾವ ಪೂಜ?” ಎಂದಳು. ಅವಳನ್ನು ದೂರಿ ಪ್ರಯೋಜನವಿಲ್ಲ. ಅವಳು ಕೇಳಿದ್ದು ಒಂದು ಪ್ರಶ್ನೆ ಅಷ್ಟೆ. ಉತ್ತರ ನನಗೆ ಗೊತ್ತಿತ್ತು. ಆದರೆ ನನ್ನೊಳಗಿನ ಹೆದರುಪುಕ್ಕಲನಿಗೆ ಎರಡು ಭಯ ಒಟ್ಟಿಗೆ ಬಂದರೆ ಹತ್ತಿರದ್ದೇ ದೊಡ್ಡದು. ಪೂಜೆ ಅರೆಬರೆಯಾಗಿ ಏನಾದರೂ ಆಗಿಬಿಟ್ಟರೆ? ಸ್ಕ್ರೂ ಬಿಚ್ಚಿದೆ, ಕವರು ಸರಿಸಿದೆ, ಬ್ಲೇಡಿನ ತುಂಬ ವಿಭೂತಿ ಬಳಿದೆ. ಸ್ಕ್ರೂ ಮಾತ್ರ ಕಳೆಯಬಾರದು, ನಾನು ಆ ಬಡಗಿಗಳಂಥವನಲ್ಲ ಎಂದು ಬಹಳ ಜೋಪಾನವಾಗಿ ಒಂದು ಕಡೆ ಇಟ್ಟೆ.

ಆ ಕಡೆ ಯಾವುದೆಂದು ಮಾರನೆಯ ದಿನ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೂವಿನ ಬುಟ್ಟಿ ತಲೆಕೆಳಗು ಮಾಡಿದೆ, ಬಾಳೆಕಂದಿನ ಬುಡ ಕೆದಕಿದೆ. ಭರಣಿ ಆಗಲೇ ಅಟ್ಟ ಸೇರಿತ್ತು.

ಸಂಜೆ ಅಂಗಡಿಗೆ ಹೋದೆ. ಕೇಳಿಬಿಡಬೇಕೆಂದೇ ಹೋದದ್ದು. ಡಬ್ಬಿ ಅಲ್ಲೇ ಇತ್ತು. ಇಬ್ಬರು ಬಡಗಿಗಳು ಬೈಸಿಕೊಳ್ಳುತ್ತ ನಿಂತಿದ್ದರು. ಯಜಮಾನರು ನನ್ನನ್ನು ಕಂಡದ್ದೇ ಮುಖ ಅರಳಿಸಿದರು.

“ಬನ್ನಿ ಗುಮಾಸ್ತ್ರೇ. ಕವರ್ ಎಂಗದ?”

ನಾನು ಬಾಯಿ ತೆರೆಯುವ ಮೊದಲೇ ಅವರು ಬಡಗಿಗಳ ಕಡೆ ತಿರುಗಿದರು. “ನೋಡ್ಕಳಿ ಇವ್ರ. ಆರು ತಿಂಗ್ಳಿಂದ ಗರಗಸ ಹಿಡ್ದವ್ರು. ಇವ್ರ್ಗ ಭಯ ಅದ ಕಣ್ರಲಾ, ಭಯ! ಭಯ ಇರೋನ್ಗ ಹತ್ತು ಬೆರಳೂ ಉಳೀತವ. ಇವ್ರು ಸ್ಕ್ರೂ ಕಳ್ದವ್ರಾ ಕೇಳಿ ನೋಡನ?”

ನನ್ನ ಭಯವನ್ನು ಜನ್ಮದಲ್ಲಿ ಯಾರೂ ಹೊಗಳಿರಲಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ನಗುತ್ತಿದ್ದರು. ನಾಲ್ಕು ಜನರ ಮುಂದೆ ಅದಕ್ಕೊಂದು ಮರ್ಯಾದೆ ಸಿಕ್ಕಿದ್ದು ಅವತ್ತೇ. ಆ ಡಬ್ಬಿ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು...

“ಸರಿಯಾಗಿದೆ ಯಜಮಾನ್ರೇ. ಎರಡು ಸಲ ಎತ್ತಿ ನೋಡಿದೆ,” ಎಂದೆ.

ಮನೆಗೆ ಬಂದು ಸೈಕಲ್ಲಿನ ಹಳೆ ಟ್ಯೂಬನ್ನು ಉಂಗುರದಂತೆ ಕತ್ತರಿಸಿ, ಸ್ಪ್ರಿಂಗಿನ ಬದಲಿಗೆ ಒಳಗಡೆಯಿಂದ ಸಿಕ್ಕಿಸಿದೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಎತ್ತಿ ಬಿಟ್ಟರೆ ಕವರು ಮುಚ್ಚಿಕೊಳ್ಳುತ್ತಲೂ ಇತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಮುಂದಿನ ವಾರ ಯಾರೂ ಇಲ್ಲದಾಗ ಒಂದು ಸ್ಕ್ರೂ ಕೇಳಿಕೊಳ್ಳೋಣ ಎಂದುಕೊಂಡೆ. ಮುಂದಿನ ವಾರ ಬಂತು, ಅದರ ಮುಂದಿನ ವಾರವೂ ಬಂತು. ರಬ್ಬರು ಕೆಲಸ ಮಾಡುತ್ತಿತ್ತು. ಗ್ಯಾಸಿಗಾಗಿ ತೆರಕಣಾಂಬಿಯಿಂದ ವಾಪಸು ಬರುವ ಮನುಷ್ಯನಿಗೆ ಆ ರಬ್ಬರಿನ ಬಗ್ಗೆ ಒಂದು ದಿನವೂ ನಿದ್ದೆ ಕೆಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರು ತಿಂಗಳಾದ ಮೇಲೆ ಯಜಮಾನರು ನೆಂಟರೊಬ್ಬರ ಗೃಹಪ್ರವೇಶಕ್ಕೆ ಚಾಮರಾಜನಗರಕ್ಕೆ ಬಂದರು. ಊಟ ಮುಗಿಸಿ ಮಧ್ಯಾಹ್ನ ನಮ್ಮ ಮನೆಗೆ ಬರುವುದೆಂದು ಮೊದಲೇ ಮಾತಾಗಿತ್ತು. ನನ್ನ ಶೆಡ್ಡನ್ನು ಅವರಿಗೆ ತೋರಿಸುವ ಆಸೆ ನನಗೆ. ನನ್ನ ಸ್ಟೂಲು ನೋಡುವ ಆಸೆ ಅವರಿಗೆ. ಬಂದರು. ಹೆಂಡತಿ ಕೊಟ್ಟ ಕಾಫಿ ಕುಡಿದು, “ಅಮ್ಮಾ, ನಿಮ್ಮ ಯಜಮಾನ್ರು ಮಂಚ ಮಾಡೋ ಒತ್ಗ ಮಗಳಿಗ ಮೊಮ್ಮಕ್ಕಳಾದಾವು, ಅಂಗಡಿಲಿ ಒಂದು ತಕ್ಕಬುಡಿ,” ಎಂದು ನಗಿಸಿದರು. ಶೆಡ್ಡಿಗೆ ಬಂದು ಸ್ವಿಚ್ ಬೋರ್ಡು ನೋಡಿದರು, ಅರ್ಥಿಂಗ್ ಕೇಳಿದರು, ನೆಲದ ಮೇಲೆ ಎಳೆದಾಡಿದ್ದ ವೈರನ್ನು ಎತ್ತಿ ಮೊಳೆಗೆ ಸಿಕ್ಕಿಸಿದರು. ಸ್ಟೂಲಿನ ಮೂರು ಕಾಲು ಮೆಚ್ಚಿದರು. ನಾಲ್ಕನೆಯದು ಗಿಡ್ಡ ಎಂದರು. ಮೇಲಿನ ಹಲಗೆ ಕುಯ್ಯುವುದು ಬಾಕಿ ಇತ್ತು. ನನ್ನ ಗೆರೆ ನೇರ ಬರುವುದಿಲ್ಲ, ನೀವೇ ಒಂದು ಸಲ ತೋರಿಸಿಕೊಡಿ ಎಂದು ನಾನೇ ಕೇಳಿದೆ. ಹೌದು, ನಾನೇ.

ಹಲಗೆಯನ್ನು ಎರಡು ಕ್ಲ್ಯಾಂಪಿನಲ್ಲಿ ಬಿಗಿದರು. ಟವೆಲನ್ನು ನನ್ನ ಹೆಗಲಿಗೆ ಹಾಕಿದರು. ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡರು. ಗರಗಸ ಕೈಗೆತ್ತಿಕೊಂಡು, ಬಲ ಹೆಬ್ಬೆರಳನ್ನು ಕವರಿನ ಮೇಲೆ ಇಟ್ಟವರು... ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿ ನಕ್ಕರು.

“ನಿಮ್ಮ ಮಿಷನ್ನ ನಾ ಏನ್ ನೋಡದು ಬುಡಿ. ನೀವು ಅನುಮಾನದ ಮನುಷ್ಯ, ಹತ್ತು ಸಲ ನೋಡಿರ್ತೀರಿ.”

ಆಗಲಾದರೂ ಹೇಳಬಹುದಿತ್ತು. ಎಷ್ಟು ಹೊತ್ತು ಬೇಕಿತ್ತು? “ತಾಳಿ” ಎನ್ನಲು ಎರಡು ಅಕ್ಷರ. ನನ್ನ ಬಾಯಿಗೆ ಬಂದದ್ದು ಹಿಹಿ ಎಂಬ ನಗು.

ಹಲಗೆ ನೇರವಾಗಿ ಕುಯ್ದುಕೊಂಡು ಹೋಯಿತು. ಅಷ್ಟು ಚಂದದ ಗೆರೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಕುಯ್ದು ಬೀಳುವ ತುಂಡನ್ನು ಎಡಗೈಯಲ್ಲಿ ಆತುಕೊಂಡು, ಸ್ವಿಚ್ ಬಿಟ್ಟು, ಗರಗಸವನ್ನು ಮೇಜಿನ ಮೇಲಿಟ್ಟರು. ರಬ್ಬರು ಸಡಿಲವಾಗಿ ಕವರು ಮೇಲೇ ಉಳಿದಿತ್ತು. ಇನ್ನೂ ಸುತ್ತುತ್ತಿದ್ದ ಚಕ್ರ ಮೇಜನ್ನು ಕಚ್ಚಿ ಎಡಕ್ಕೆ ನೆಗೆಯಿತು... ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಎಡಗೈಯ ಕಿರುಬೆರಳು, ಉಂಗುರದ ಬೆರಳು. ನನ್ನ ಹೆಗಲ ಮೇಲಿದ್ದ ಅವರ ಟವೆಲಿನಲ್ಲೇ ಕೈ ಸುತ್ತಿ ಆಟೋ ಹತ್ತಿಸಿದೆ.

ಆಟೋದಲ್ಲಿ ಅವರು ಕಣ್ಣು ಮುಚ್ಚಿಕೊಂಡಿದ್ದರು. ದಾರಿಯಲ್ಲಿ ಒಂದೇ ಸಲ ತೆರೆದು, ಬಹಳ ಮೆಲ್ಲಗೆ ಕೇಳಿದರು.

“ರಬ್ಬರ್ ಆಕಿದ್ರಾ?”

“ಹೂಂ,” ಎಂದೆ.

ಬೈಯ್ಯಲಿಲ್ಲ. ಬೈದಿದ್ದರೆ... “ಸದ್ದ ಕೇಳ್ಬೇಕಾಗಿತ್ತು ನಾನು,” ಎಂದು ಮತ್ತೆ ಕಣ್ಣು ಮುಚ್ಚಿದರು.

ಆಸ್ಪತ್ರೆಯಲ್ಲಿ ಗೃಹಪ್ರವೇಶದ ನೆಂಟರೆಲ್ಲ ಸೇರಿದರು. ಮಗಳು ಗುಂಡ್ಲುಪೇಟೆಯಿಂದ ಕೈಯ ಗ್ರೀಸು ಕೂಡ ತೊಳೆಯದೆ ಓಡಿಬಂದಳು. ಹೇಗಾಯಿತು ಎಂದು ಎಲ್ಲರೂ ಕೇಳಿದರು. ಅವರು ನನ್ನ ಕಡೆ ನೋಡದೆ, “ಕವರ್ ನೋಡ್ಕಳ್ನಿಲ್ಲ ನಾನು. ಕೈ ಜಾರ್ತು,” ಎಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಗೋಡೆಗೂ ನನಗೂ ಅವತ್ತು ಏನೂ ವ್ಯತ್ಯಾಸವಿರಲಿಲ್ಲ.

ತಿಂಗಳು ಕಳೆದು ಅವರು ಮತ್ತೆ ಅಂಗಡಿಗೆ ಬಂದು ಕೂತರು. ಎಡಗೈ ಟವೆಲಿನ ಕೆಳಗೆ. ಮೊದಲಿನಂತೆ ಗಿರಾಕಿಗಳ ಕೈಗೆ ಗರಗಸ ಕೊಟ್ಟು “ಎತ್ತಿ, ಬುಡಿ” ಎಂದರೆ, ಬಡಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಒಬ್ಬನಂತೂ ನನ್ನೆದುರೇ, “ನಮ್ಗ ಯೋಳೋದಿರ್ಲಿ ಯಜಮಾನ್ರೇ, ನೀವು ಎತ್ತಿ ಬುಟ್ರಾ?” ಎಂದು ಹಲ್ಲು ಕಿರಿದ. ಯಜಮಾನರೂ ನಕ್ಕರು. ನಕ್ಕು, ಗರಗಸವನ್ನು ಹಾಗೇ ಪೊಟ್ಟಣ ಕಟ್ಟಿ ಕೊಟ್ಟರು. ಶಾಸ್ತ್ರ ಮಾಡಿಸದೆ ಅವರು ಮಾರಿದ ಮೊದಲ ಗರಗಸ ಅದಿರಬೇಕು. ಆಮೇಲೆ ಆ ಮಾತನ್ನೇ ಆಡುವುದು ಬಿಟ್ಟರು. ಮುಂದಿನ ಹಬ್ಬದ ಮಾರನೆಯ ದಿನ ಡಬ್ಬಿ ಇಟ್ಟಿದ್ದರು. ತಲೆ ಕೆರೆದುಕೊಂಡು ಬಂದು ನಿಂತವರು ಯಾರೂ ಇರಲಿಲ್ಲ. ಬೈಯ್ಯುವ ಹಕ್ಕು ಹೋದ ಮನುಷ್ಯನ ಹತ್ತಿರ ಬೈಸಿಕೊಳ್ಳಲು ಯಾರು ಬರುತ್ತಾರೆ?

ಒಂದು ಸಂಜೆ ಬಸ್ಸು ತಡವಾಗಿ, ನಾನು ಅಂಗಡಿಯ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಅವರು ಲಿಂಗಪೂಜೆಗೆ ಕೂತಿದ್ದರು. ಕರಡಿಗೆಯಿಂದ ತೆಗೆದ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೂರುವುದು ಅವರ ಪದ್ಧತಿ. ಹಿಂದೆ ಎಷ್ಟೋ ಸಲ ನೋಡಿದ್ದೆ. ಕೈ ಕಲ್ಲಿನಂತೆ ಅಲುಗಾಡದೆ ಇರುತ್ತಿತ್ತು. ಅವತ್ತು ಎರಡು ಬೆರಳಿಲ್ಲದ ಕಡೆಗೆ ಅಂಗೈ ವಾಲುತ್ತಿತ್ತು. ಅವರು ಬಲಗೈಯನ್ನು ಕೆಳಗಿನಿಂದ ಕೊಟ್ಟು ಎಡಗೈಯನ್ನು ಎತ್ತಿ ಹಿಡಿದಿದ್ದರು. ಪತ್ರೆ ಏರಿಸಲು ಬಲಗೈ ತೆಗೆದರೆ ಲಿಂಗ ಜಾರುತ್ತದೆ. ಹಿಡಿದೇ ಇದ್ದರೆ ಪತ್ರೆ ಏರಿಸುವುದು ಹೇಗೆ... ಹಾಗೇ ಎಷ್ಟೋ ಹೊತ್ತು ಕೂತಿದ್ದರು. ನಾನು ಚಪ್ಪಲಿ ಸದ್ದಾಗದಂತೆ ಹೊರಗೆ ಬಂದೆ. ಮಾರನೆಯ ದಿನದಿಂದ ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತತೊಡಗಿದೆ. ಸ್ವಲ್ಪ ದಿನಕ್ಕೆ ಚಾಮರಾಜನಗರಕ್ಕೇ ವರ್ಗವಾಯಿತು. ಜನ ಸಂತೋಷವಾಯಿತೇ ಎಂದು ಕೇಳಿದರು. ಆಯಿತು ಎಂದೆ.

ಎರಡು ವರ್ಷದ ಹಿಂದೆ ಅವರು ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲವಂತೆ. ಮಣ್ಣಿಗೆ ಹೋಗಿದ್ದೆ. ಅವರ ಪೈಕಿ ತೀರಿಕೊಂಡವರನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ಬದುಕಿರುವಾಗ ಪೂಜಿಸಿದ ಲಿಂಗವನ್ನೇ ಎಡಗೈಯಲ್ಲಿಟ್ಟು ಕಳಿಸುತ್ತಾರೆ. ಸ್ವಾಮಿಗಳು ಲಿಂಗವನ್ನು ಅಂಗೈಯಲ್ಲಿ ಇಟ್ಟರು. ಅದು ಬೆರಳಿಲ್ಲದ ಕಡೆಗೆ ಜಾರಿತು. ಮತ್ತೆ ಇಟ್ಟರು. ಮತ್ತೆ ಜಾರಿತು. ಕೊನೆಗೆ ಮಗಳು ಕೆಳಗಿಳಿದು, ಮೋಟಾರಿನ ತಂತಿ ಸುತ್ತುವ ಅದೇ ನಿಧಾನದಿಂದ, ಬಿಳಿ ಬಟ್ಟೆಯಲ್ಲಿ ಅಪ್ಪನ ಕೈಯನ್ನೂ ಲಿಂಗವನ್ನೂ ಸೇರಿಸಿ ಸುತ್ತಿ ಕಟ್ಟಿದಳು. ಸುತ್ತ ನಿಂತವರಲ್ಲಿ ಯಾರೋ, “ಒಂದು ಗಳಿಗೆ ಎಚ್ಚರ ತಪ್ಪಿದ್ದಕ್ಕ ನೋಡಪ್ಪಾ...” ಎಂದರು. ನಾನು ಮೂರು ಹಿಡಿ ಮಣ್ಣು ಹಾಕಿ ಬಂದೆ. ಕೈ ತೊಳೆದೆ. ಹೋಗುವಂಥ ಮಣ್ಣಲ್ಲ ಅದು.

ಸ್ಕ್ರೂ ಸಿಕ್ಕಿದ ಮಾರನೆಯ ದಿನ ರಜೆ ಹಾಕಿ ಗುಂಡ್ಲುಪೇಟೆಗೆ ಹೋದೆ. ಅಂಗಡಿ ಹಾಗೇ ಇದೆ. ಗಲ್ಲಾದ ಹತ್ತಿರ ಮಗಳು ಕೂತಿದ್ದಳು. ಹೊರಗಿನ ಕಲ್ಲುಬೆಂಚಿನ ಮೇಲೆ ಮೂವರು ಬಡಗಿಗಳು ರಿಪೇರಿಗೆ ಕಾಯುತ್ತ ಬೀಡಿ ಸೇದುತ್ತಿದ್ದರು. ನಾನು ಸ್ಕ್ರೂವನ್ನು ಅವಳ ಮುಂದಿಟ್ಟು, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಹಬ್ಬ, ಸುಳ್ಳು, ರಬ್ಬರು, ಆಟೋದಲ್ಲಿ ಅವರು ಕೇಳಿದ ಮಾತು. ಬಸ್ಸಿನಲ್ಲಿ ಬರುವಾಗ ಅವಳು ಬೈಯ್ಯಬಹುದು, ಅಳಬಹುದು, ಅಪ್ಪ ಹೇಳಿದ್ದರು ಎನ್ನಬಹುದು ಎಂದೆಲ್ಲ ಲೆಕ್ಕ ಹಾಕಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಸ್ಕ್ರೂವನ್ನು ಬೆರಳಲ್ಲಿ ಹೊರಳಿಸಿ ನೋಡಿದಳು.

“ಎರಡ್ ವರ್ಷ ನಮ್ಮಪ್ಪ ತಲೆ ಬಗ್ಸಿ ಕೂತಿದ್ರು ಇಲ್ಲಿ,” ಎಂದಳು. ಆಮೇಲೆ ಬಾಗಿಲ ಕಡೆ ತೋರಿಸಿದಳು. “ನನ್ಗ ಯಾಕ ಯೋಳೀರಿ? ಅಲ್ಲಿ ಕೂತವ್ರಲ್ಲ, ಅವ್ರ್ಗ ಯೋಳಿ.”

ಬೆಂಚಿನ ಮುಂದೆ ಹೋಗಿ ನಿಂತೆ. ಮೂವರಲ್ಲಿ ಒಬ್ಬ ಅವತ್ತು ಹಲ್ಲು ಕಿರಿದವನೇ. “ಯಜಮಾನರು ಕವರು ನೋಡಲಿಲ್ಲ ಅಂತ ನೀವು ಆಡಿಕೊಂಡಿರಲ್ಲ, ಅವರು ನೋಡದೇ ಇದ್ದದ್ದು ನಾನು ಸುಳ್ಳು ಹೇಳಿದ್ದಕ್ಕೆ,” ಎಂದು ಶುರುಮಾಡಿದೆ. ಮುಗಿಯುವ ಹೊತ್ತಿಗೆ ಹಲ್ಲು ಕಿರಿದವನ ಬೀಡಿ ಆರಿಹೋಗಿತ್ತು.

“ನಾನು ಅವ್ರ ಮೊಗಕ್ಕೇ ಅಂದ್ಬುಟ್ನಲ್ಲಪ್ಪಾ...” ಎಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಇಷ್ಟ್ ದಿನ ಉಂಡದ್ದ ಎಂಗೆ ಜೀರ್ಣ ಮಾಡ್ಕಂಡ್ರಿ ಸಾಮಿ ನೀವು?”

ಜೀರ್ಣವಾಗಿರಲಿಲ್ಲ ಎಂದರೆ ಅದೂ ಒಂದು ಸಮಾಧಾನ ಹುಡುಕಿಕೊಂಡ ಹಾಗೆ. ಅಂಗಡಿಯ ಕಡೆ ತಿರುಗಿದೆ.

ಒಳಗೆ ಬಂದಾಗ ಅವಳು ಸ್ಕ್ರೂವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚಿಂದಿಯಿಂದ ಒರೆಸುತ್ತಿದ್ದಳು. ಕುಂಕುಮವೆಲ್ಲ ಹೋಗಿ ಕಬ್ಬಿಣ ಕಾಣುತ್ತಿತ್ತು. ಅದನ್ನು ನನ್ನ ಕಡೆ ತಳ್ಳಿದಳು.

“ಇದು ನಿಮ್ಮ ಹತ್ರಾನೇ ಇರ್ಲಿ,” ಎಂದು ನಾನು ಏನೋ ತೊದಲಿದೆ.

“ಇದ ನಾನೇನ್ ಮಾಡನ? ಅದ್ರ ಜಾಗಕ್ಕ ಆಕಿ,” ಎಂದಳು. ನಂತರ ರಸ್ತೆ ನೋಡಿ, “ನಿಮ್ಮ ಬಸ್ಸು ಬಂತು.”

ಕ್ಷಮಿಸಿದೆ ಎನ್ನಲಿಲ್ಲ. ಮತ್ತೆ ಬನ್ನಿ ಎಂದೂ ಅನ್ನಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ನೋಡಿದೆ. ಬೆಂಚಿನಿಂದ ಎದ್ದು ಒಳಗೆ ಹೋದ ಆ ಬಡಗಿ, ರಿಪೇರಿಯಾದ ತನ್ನ ಗರಗಸವನ್ನು ಕೈಗೆ ತೆಗೆದುಕೊಂಡು, ಯಾರೂ ಹೇಳದೆಯೇ ಕವರನ್ನು ಎತ್ತಿ ಬಿಟ್ಟ. ಇಂಜಿನ್ನಿನ ಗದ್ದಲದಲ್ಲಿ ನನಗೆ ಸದ್ದು ಕೇಳಿಸಲಿಲ್ಲ.

ನಿನ್ನೆ ಶೆಡ್ಡಿನ ಬೀಗ ತೆಗೆದೆ. ಜೇಡರ ಬಲೆ, ಹಲ್ಲಿಯ ಮೊಟ್ಟೆ, ಮೂರೂಮುಕ್ಕಾಲು ಕಾಲಿನ ಸ್ಟೂಲು. ಮೇಜಿನ ಮೇಲೆ ಅವರು ಕುಯ್ದ ಹಲಗೆ ಹಾಗೇ ಇತ್ತು. ಅವರು ಬಿಗಿದ ಎರಡು ಕ್ಲ್ಯಾಂಪುಗಳು ಇಷ್ಟು ವರ್ಷವೂ ಅದನ್ನು ಹಿಡಿದೇ ನಿಂತಿದ್ದವು. ಬಿಚ್ಚಲು ಮನಸ್ಸಾಗಲಿಲ್ಲ. ಗರಗಸವನ್ನು ಒರೆಸಿದೆ. ಒಣಗಿ ಸೀಳುಬಿಟ್ಟ ರಬ್ಬರನ್ನು ಕಿತ್ತು ತೆಗೆದೆ. ಸ್ಪ್ರಿಂಗನ್ನು ಅದರ ಜಾಗಕ್ಕೆ ಎಳೆದು, ಸ್ಕ್ರೂ ಹಾಕಿ, ತಿರುಗಿಸಿ ಬಿಗಿ ಮಾಡಿದೆ. ಎರಡು ನಿಮಿಷದ ಕೆಲಸ.

ಕವರನ್ನು ಎತ್ತಿದೆ. ಬಿಟ್ಟೆ.

ಟಕ್.

ಅವರು ಇದ್ದಿದ್ದರೆ ಇನ್ನೊಂದು ಸಲ ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಕಾದೆ... ಯಾರೂ ಹೇಳಲಿಲ್ಲ. ಇನ್ನೊಂದು ಸಲ ನಾನೇ ಎತ್ತಿ ಬಿಟ್ಟೆ.